ಬಡಗಿಯ ಗೆರೆಯೂ ಗಣಕದ ಹಲಗೆಯೂ

ಹೋದ ವರ್ಷ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ “ಯಂತ್ರಗಳಿಂದ ಕೈಕಸುಬಿಗೆ ಹಾನಿಯಾಗಿದೆ” ಎಂಬ ವಿಷಯದ ಪರವಾಗಿ ಮಾತನಾಡಿ ನಾನು ಎರಡನೆಯ ಬಹುಮಾನವನ್ನು ಪಡೆದೆನು. ಬಡಗಿಯ ಮಗಳಾದುದರಿಂದ ನನಗೆ ಉದಾಹರಣೆಗಳನ್ನು ಹುಡುಕಿಕೊಂಡು ಹೋಗಬೇಕಾದ ಶ್ರಮವಿರಲಿಲ್ಲ. ಮನೆಯ ಕಥೆಯನ್ನೇ ಸ್ವಲ್ಪ ಗಂಟಲು ಗದ್ಗದವಾಗುವಂತೆ ಹೇಳಿದೆನು. ಸಭಿಕರು ಚಪ್ಪಾಳೆ ತಟ್ಟಿದರು. ಬಹುಮಾನದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಅದೇ ಸಂಜೆ ಐದೂವರೆ ಗಂಟೆಗೆ ನಾನು ಎಲ್ಲಿಗೆ ಹೋದೆನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾಚಿಕೆಯಾಗುತ್ತಿದ್ದಿತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮರ ಕೊರೆಯುವ ಸಿ.ಎನ್.ಸಿ. ಯಂತ್ರದ ಅಂಗಡಿಯೊಂದಿದೆ, ಅಲ್ಲಿಗೆ ಹೋದೆನು. ಬಾಗಿಲುಗಳ ನಕ್ಷೆಯನ್ನು ಗಣಕಯಂತ್ರದಲ್ಲಿ ಎಳೆದುಕೊಡುವುದು ಅಲ್ಲಿ ನನ್ನ ಕೆಲಸ. ನನ್ನ ಪರೀಕ್ಷೆಯ ಶುಲ್ಕ, ಬಸ್ಸಿನ ಪಾಸು, ಒಮ್ಮೊಮ್ಮೆ ಮನೆಯ ಗ್ಯಾಸು ಸಹ ಆ ಸಂಬಳದಲ್ಲಿಯೇ ನಡೆಯುತ್ತದೆ.

ಅಂದು ವೇದಿಕೆಯ ಮೇಲೆ ಆಡಿದ ಮಾತನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಳ್ಳಲು ನಾನು ಸಿದ್ಧಳಿಲ್ಲ. ಅದರಲ್ಲಿ ಅರ್ಧ ನಿಜವಿದೆ. ಮಿಕ್ಕ ಅರ್ಧವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ತಿದ್ದಿಕೊಳ್ಳಲು ವಾಚಕರು ಅವಕಾಶ ಕೊಡಬೇಕು. ವಿಷಯ ಬಹಳ ಚಿಕ್ಕದು: ಪೆನ್ ಟ್ಯಾಬ್ಲೆಟ್ ಎಂಬ ಒಂದು ಹಲಗೆ, ಅದರ ಮೇಲೆ ಆಡುವ ಒಂದು ಲೇಖನಿ. (ಟ್ಯಾಬ್ಲೆಟ್ ತಂದಿದ್ದೇನೆ ಎಂದು ಮನೆಯಲ್ಲಿ ಹೇಳಿದಾಗ ನಮ್ಮ ತಾಯಿಯವರು “ಯಾಕೇ, ಮೈಯಲ್ಲಿ ಹುಷಾರಿಲ್ವಾ?” ಎಂದು ಹಣೆ ಮುಟ್ಟಿ ನೋಡಿದರು.)

ಮೊದಲು ಕೈಯ ಕಡೆಯ ಕಥೆ. ನಮ್ಮ ತಂದೆಯವರು ಬಾಗಿಲು ಕೆಲಸದವರು. ಬಾಗಿಲುವಾಡದ ಮೇಲಿನ ಅಡ್ಡಪಟ್ಟಿಯ ನಡುವೆ ಒಂದು ಕಮಲ, ಅದರ ಎರಡು ಬದಿಗೂ ಹರಿದು ಕಂಬದ ಮೇಲೆ ಇಳಿಯುವ ಬಳ್ಳಿ. ಇದು ಅವರ ಕೈಗುರುತು. ಕಾಗದದ ಮೇಲೆ ಬರೆದುಕೊಂಡು ಕೆಲಸ ಮಾಡುವ ಅಭ್ಯಾಸ ಅವರಿಗಿಲ್ಲ. ಕಿವಿಯ ಸಂದಿನಲ್ಲಿ ಸಿಕ್ಕಿಸಿದ ಪೆನ್ಸಿಲನ್ನು ತೆಗೆದು ತೇಗದ ಪಟ್ಟಿಯ ಮೇಲೆ ನೇರವಾಗಿ, ಒಂದೇ ಎಳೆತಕ್ಕೆ, ಬಳ್ಳಿಯನ್ನು ಹರಿಸಿಬಿಡುವರು. ಆಮೇಲೆ ಉಳಿ, ಕೊಡತಿ. ಒಂದು ಅಡ್ಡಪಟ್ಟಿಗೆ ನಾಲ್ಕು ದಿನ. ನನಗೆ ಅವರು ಉಳಿ ಹಿಡಿಯಲು ಕೊಟ್ಟವರಲ್ಲ. “ಕೈಗೆ ಏಟಾದ್ರೆ ನಾಳೆ ಯಾರು ಜವಾಬ್ದಾರಿ? ಓದ್ಕೋ ಹೋಗಮ್ಮ” ಎನ್ನುವರು. ಅಣ್ಣನಿಗೆ ಕೊಟ್ಟರು, ಅವನು ಬೆಂಗಳೂರಿಗೆ ಹೋಗಿ ಮನೆಮನೆಗೆ ಸಾಮಾನು ತಲುಪಿಸುವ ಕೆಲಸಕ್ಕೆ ಸೇರಿದನು. ಹೀಗಾಗಿ ಬಳ್ಳಿ ಅವರ ಕೈಯಲ್ಲಿಯೇ ನಿಂತುಹೋಗಿದ್ದಿತು.

ಸಿ.ಎನ್.ಸಿ. ಯಂತ್ರ ನಮ್ಮ ಊರಿಗೆ ಬಂದು ಆರು ವರ್ಷವಾಯಿತು. ತಂದೆಯವರ ನಾಲ್ಕು ದಿನದ ಕೆಲಸ ಅದಕ್ಕೆ ಎರಡು ಗಂಟೆ. ಆದರೆ ಅಂಗಡಿಯಲ್ಲಿ ಕೊರೆಯುವ ನಕ್ಷೆಗಳೆಲ್ಲ ಎಲ್ಲಿಂದಲೋ ಕೊಂಡುತಂದ ಒಂದೇ ಕಟ್ಟಿನವು. ಅದೇ ಗಣಪತಿ, ಅದೇ ಕಲಶ, ಅದೇ ನವಿಲು. ನಮ್ಮ ತಾಲ್ಲೂಕಿನಲ್ಲಿ ಗೃಹಪ್ರವೇಶದ ಊಟಕ್ಕೆ ಎಲ್ಲಿಗೆ ಹೋದರೂ ಆ ನವಿಲು ಕತ್ತು ತಿರುಗಿಸಿಕೊಂಡು ಬಾಗಿಲಲ್ಲಿಯೇ ಎದುರಾಗುವುದು. ತಂದೆಯವರಿಗೆ ಈಗ ಉಳಿದಿರುವ ಕೆಲಸ ಯಂತ್ರ ಕೊರೆದ ಬಾಗಿಲನ್ನು ನಿಲ್ಲಿಸಿ ತಿರುಪು ಬಿಗಿಯುವುದು. ಇಷ್ಟನ್ನೇ ನಾನು ಚರ್ಚಾಸ್ಪರ್ಧೆಯಲ್ಲಿ ಹೇಳಿ ಬಹುಮಾನ ಪಡೆದದ್ದು.

ಇನ್ನು ಯಂತ್ರದ ಕಡೆಯ ಕಥೆ. ದ್ವಿತೀಯ ಪಿ.ಯು.ಸಿ. ಮುಗಿದ ರಜೆಯಲ್ಲಿ ನಾನು ಪಟ್ಟಣದ ಒಂದು ತರಬೇತಿ ಕೇಂದ್ರದಲ್ಲಿ ಮೂರು ತಿಂಗಳ ಕ್ಯಾಡ್ ಶಿಕ್ಷಣ ಪಡೆದೆನು. ಸೇರುವಾಗ ಅಲ್ಲಿನವರು ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದರು, ಶುಲ್ಕ ತಂದಿದ್ದೀಯಾ ಎಂದು ಕೇಳಿದರು. ಚಿತ್ರ ಬರೆಯಲು ಬರುತ್ತದೆಯೇ ಎಂದು ಮಾತ್ರ ಕೇಳಲಿಲ್ಲ. ಕ್ಯಾಡ್ ಎಂದರೆ ಗಣಕಯಂತ್ರದ ನೆರವಿನಿಂದ ನಕ್ಷೆ ರಚಿಸುವ ವಿದ್ಯೆ. ಕಲಾ ವಿಭಾಗದ ನನ್ನ ಸಹಪಾಠಿಗಳಿಗಾಗಿ ಒಂದು ಮಾತು ಬಿಡಿಸಿ ಹೇಳಬೇಕು: ಇದರಲ್ಲಿ ಗೆರೆ ಎಂದರೆ ಮಸಿಯ ಗುರುತಲ್ಲ, ಒಂದು ಲೆಕ್ಕ. ಈ ಬಿಂದುವಿನಿಂದ ಆ ಬಿಂದುವಿಗೆ, ಇಷ್ಟು ಮಿಲಿಮೀಟರು, ಇಷ್ಟು ಕೋನ. ಯಂತ್ರ ಆ ಲೆಕ್ಕವನ್ನು ಓದಿಕೊಂಡು ಮರ ಕೊರೆಯುತ್ತದೆ. ನಾವು ಮೌಸನ್ನು ಹಿಡಿದು ಇಲ್ಲೊಂದು ಬಿಂದು ಒತ್ತಿ, ಅಲ್ಲೊಂದು ಬಿಂದು ಒತ್ತಿ, ಕೀಲಿಮಣೆಯಲ್ಲಿ ಅಂಕಿ ಬರೆದರೆ ಗೆರೆ ಮೂಡುವುದು. ಬಾಗಿಲಿನ ಚೌಕಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಬಳ್ಳಿಗೆ? ಒಮ್ಮೆ ಮೌಸಿನಿಂದ ಬಳ್ಳಿ ಬರೆದು ಮನೆಗೆ ತಂದು ತೋರಿಸಿದೆನು. ತಂದೆಯವರು ಬಹಳ ಹೊತ್ತು ನೋಡಿ, “ತಂತಿ ಬಗ್ಗಿಸಿದ ಹಾಗಿದೆ ಕಣಮ್ಮ” ಎಂದರು. ಕೋಪ ಬಂದಿತು; ಆದರೆ ಅದು ತಂತಿಯ ಹಾಗೆಯೇ ಇದ್ದಿತು.

ಅಂಗಡಿಯ ಯಜಮಾನರು ತಮ್ಮ ಮಗ ಚಿತ್ರ ಕಲಿಯಲೆಂದು ಒಂದು ಪೆನ್ ಟ್ಯಾಬ್ಲೆಟ್ ಕೊಂಡಿದ್ದರು. ಮಗ ಬೇರೆ ಓದಿಗೆ ಹೋದ ಮೇಲೆ ಅದು ರಸೀತಿ ಪುಸ್ತಕಗಳ ಕೆಳಗೆ ಬಿದ್ದಿದ್ದಿತು. ನಾನು ಕೇಳಿದಾಗ “ಕ್ಯಾಡಿಗೆ ಅದು ಯಾಕಮ್ಮ? ಅದು ಗೊಂಬೆ ಬಿಡಿಸೋರಿಗೆ” ಎಂದು ನಕ್ಕರು. ನಮ್ಮ ತರಬೇತಿ ಕೇಂದ್ರದವರ ಮತವೂ ಇದೇ. ಬಲ್ಲವರ ಮತವೂ ಬಹುಮಟ್ಟಿಗೆ ಇದೇ ಎಂದು ತೋರುತ್ತದೆ. ಇದು ಸರಿಯಲ್ಲ ಎಂಬುದೇ ನನ್ನ ವಾದ.

ಹಲಗೆಯ ಗುಟ್ಟು ಸರಳವಾದುದು. ಅದರ ಒಳಗೆ ಸಣ್ಣ ತಂತಿಗಳ ಜಾಲವಿದ್ದು ವಿದ್ಯುತ್‌ಕಾಂತದ ಅಲೆಯನ್ನು ಹೊರಡಿಸುತ್ತದೆ. ಲೇಖನಿಯೊಳಗಿನ ಸುರುಳಿ ಆ ಅಲೆಗೆ ಮಾರ್ದನಿ ಕೊಡುತ್ತದೆ. ಮಾರ್ದನಿ ಎಲ್ಲಿಂದ ಬಂದಿತು ಎಂಬುದರಿಂದ ಲೇಖನಿಯ ಸ್ಥಾನವೂ, ಅದು ಹೇಗೆ ಬದಲಾಯಿತು ಎಂಬುದರಿಂದ ನಾವು ಎಷ್ಟು ಒತ್ತಿದೆವೆಂಬುದೂ ಹಲಗೆಗೆ ತಿಳಿಯುವುದು. ಆದುದರಿಂದ ಲೇಖನಿಗೆ ಬ್ಯಾಟರಿಯೇ ಬೇಡ. ಜಪಾನಿನಲ್ಲಿ 1983ರಲ್ಲಿ ಹುಟ್ಟಿದ ವಾಕೊಂ ಎಂಬ ಕಂಪನಿ ಇಂಥ ಲೇಖನಿಗಳಿಗೆ ಹೆಸರಾಯಿತು. ಈಗ ಬೇರೆ ಕಂಪನಿಗಳೂ ಮಾಡುತ್ತವೆ, ಸಾಧಾರಣವಾದ ಹಲಗೆ 3,000 ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕುತ್ತದೆ. ಒತ್ತಡದಲ್ಲಿ 8,192 ಮೆಟ್ಟಿಲುಗಳನ್ನು ಗುರುತಿಸಬಲ್ಲೆವೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುತ್ತಾರೆ. ನನ್ನ ಕೈಗೆ ಹತ್ತೋ ಹನ್ನೆರಡೋ ಮೆಟ್ಟಿಲು ಗೊತ್ತು.

ಮೊದಲ ವಾರ ನನಗೆ ಅಳು ಬರುವಂತಾಯಿತು. ಕೈ ಹಲಗೆಯ ಮೇಲೆ, ಕಣ್ಣು ಪರದೆಯ ಮೇಲೆ. ಎರಡೂ ಬೇರೆ ಬೇರೆ ಮನೆಯ ಸೊಸೆಯರಂತೆ ಒಂದರ ಮುಖ ಒಂದು ನೋಡವು. ಮೌಸನ್ನು ಎತ್ತಿ ಬೇರೆ ಕಡೆ ಇಟ್ಟರೂ ಪರದೆಯ ಬಾಣ ಇದ್ದಲ್ಲಿಯೇ ಇರುತ್ತದೆ. ಲೇಖನಿಯಲ್ಲಿ ಹಾಗಿಲ್ಲ, ಹಲಗೆಯ ಪ್ರತಿಯೊಂದು ಸ್ಥಳಕ್ಕೂ ಪರದೆಯಲ್ಲಿ ಒಂದು ಸ್ಥಳ ಗೊತ್ತಾಗಿರುತ್ತದೆ. ಇದು ತಿಳಿಯುವವರೆಗೆ ಎಲ್ಲವೂ ತಪ್ಪೇ. ಕೈಯಲ್ಲಿ ದುಂಡಗೆ ಬರೆದ ವೃತ್ತ ಪರದೆಯಲ್ಲಿ ಕೋಳಿಮೊಟ್ಟೆಯಾಗುತ್ತಿದ್ದಿತು. ಹಲಗೆಯ ಉದ್ದಗಲಗಳ ಪ್ರಮಾಣ ಪರದೆಯದಕ್ಕೆ ಹೊಂದದಿದ್ದರೆ ಹೀಗಾಗುವುದೆಂದೂ, ಹಲಗೆಯ ಜೊತೆಗೆ ಬರುವ ತಂತ್ರಾಂಶದಲ್ಲಿ ಪ್ರಮಾಣವನ್ನು ಸರಿಹೊಂದಿಸಬೇಕೆಂದೂ ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು. ಕ್ಯಾಡಿನಲ್ಲಿ ನಕ್ಷೆಯನ್ನು ಆಚೀಚೆ ಸರಿಸಲು ಮೌಸಿನ ನಡುವಿನ ಗಾಲಿಯನ್ನು ಒತ್ತಿ ಎಳೆಯಬೇಕು. ಲೇಖನಿಗೆ ಗಾಲಿಯೆಲ್ಲಿಂದ ಬರಬೇಕು? ಲೇಖನಿಯ ಪಕ್ಕದಲ್ಲಿರುವ ಎರಡು ಗುಂಡಿಗಳಲ್ಲಿ ಒಂದನ್ನು ಆ ಕೆಲಸಕ್ಕೆ ನೇಮಿಸಿದೆನು. ಎಡಗೈಯನ್ನು ಕೀಲಿಮಣೆಗೆ ಕೊಟ್ಟೆನು. ಎರಡನೆಯ ವಾರ ಕಣ್ಣೂ ಕೈಯೂ ಮಾತು ಬಿಟ್ಟಿದ್ದನ್ನು ಮರೆತು ಒಂದಾದುವು.

ಈ ನಡುವೆ ಲೇಖನಿಗೂ ಕ್ಯಾಡಿಗೂ ಏನು ಸಂಬಂಧ ಎಂದು ಹುಡುಕುತ್ತ ಹೋದವಳಿಗೆ ಒಂದು ಆಶ್ಚರ್ಯ ಕಾದಿದ್ದಿತು. (ಇತಿಹಾಸ ನನ್ನ ಐಚ್ಛಿಕ ವಿಷಯ, ಎಲ್ಲಿ ಹೋದರೂ ಬುಡ ಕೆದಕುವ ಚಟ.) ಈ ವಿದ್ಯೆ ಹುಟ್ಟಿದ್ದೇ ಲೇಖನಿಯಿಂದ! 1963ರಲ್ಲಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ ತನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ರಚಿಸಿದನು. ಟಿ.ಎಕ್ಸ್.-2 ಎಂಬ ಗಣಕಯಂತ್ರದ ಪರದೆಗೆ ಬೆಳಕಿನ ಲೇಖನಿಯೊಂದನ್ನು ಹಿಡಿದು ಅವನು ಗೆರೆ ಎಳೆಯುತ್ತಿದ್ದನು. ಇನ್ನೊಂದು ಕೈಯಲ್ಲಿ ಗುಂಡಿಗಳನ್ನು ಒತ್ತಿ ಅಪ್ಪಣೆ ಕೊಡುತ್ತಿದ್ದನು. ಸೊಟ್ಟಗೆ ಎಳೆದ ನಾಲ್ಕು ಗೆರೆಗಳಿಗೆ ‘ಲಂಬವಾಗಿರಿ, ಸಮವಾಗಿರಿ’ ಎಂದರೆ ಅವು ತಾವೇ ಸರಿದು ಚೌಕವಾಗಿ ನಿಲ್ಲುತ್ತಿದ್ದುವು. ಕೈ ಭಾವವನ್ನು ಕೊಡುವುದು, ಯಂತ್ರ ನಿಯಮವನ್ನು ಕೊಡುವುದು. ಈಗಿನ ಕ್ಯಾಡಿನಲ್ಲಿ ಇರುವುದೂ ಇದೇ ನಿಯಮಗಳು. ಲೇಖನಿ ಮಾತ್ರ ಬಿಟ್ಟುಹೋಯಿತು. ಮರುವರ್ಷ, 1964ರಲ್ಲಿ, ರ‍್ಯಾಂಡ್ ಎಂಬ ಸಂಸ್ಥೆಯವರು ತಂತಿಜಾಲವುಳ್ಳ ಹತ್ತು ಅಂಗುಲದ ಹಲಗೆಯನ್ನೇ ಮಾಡಿದರು. ಅದು ನನ್ನ ಮೇಜಿನ ಮೇಲಿರುವ ಹಲಗೆಗೆ ಮುತ್ತಜ್ಜಿಯಾಗಬೇಕು.

ಹಾಗಾದರೆ ಮೌಸು? ಡಗ್ಲಸ್ ಎಂಗೆಲ್‌ಬಾರ್ಟ್‌ನ ತಂಡದವರು ಮೊದಲ ಮೌಸನ್ನು ಮಾಡಿದ್ದು ಅದೇ 1964ರಲ್ಲಿ. ಲೋಕಕ್ಕೆ ತೋರಿಸಿದ್ದು 1968ರ ಡಿಸೆಂಬರಿನಲ್ಲಿ. ಆ ಮೊದಲ ಮೌಸಿನ ಮೈ ಮರದ್ದು! ಇದನ್ನು ಹೇಳಿದಾಗ ನಮ್ಮ ತಂದೆಯವರ ಮುಖ ಅರಳಿತು. “ಯಾವ ಮರವಂತೆ?” ಎಂದು ಕೇಳಿದರು. ನನಗೆ ಉತ್ತರ ತಿಳಿಯದು.

1982ರ ಡಿಸೆಂಬರಿನಲ್ಲಿ ಆಟೋಕ್ಯಾಡ್ ಹೊರಬಂದ ಮೇಲೆಯೂ ಹಲಗೆಗೆ ಮರ್ಯಾದೆಯಿದ್ದಿತು. ನಕ್ಷೆಗಾರರ ಮೇಜಿನ ಮೇಲೆ ದೊಡ್ಡ ಹಲಗೆಗಳಿರುತ್ತಿದ್ದುವು. ಹಳೆಯ ಕಾಗದದ ನಕ್ಷೆಯನ್ನು ಅದರ ಮೇಲೆ ಅಂಟಿಸಿ, ಅಡ್ಡಗೂಟದ ಗುರುತಿರುವ ಮಸೂರವನ್ನು ಒಂದೊಂದು ಮೂಲೆಯ ಮೇಲೂ ಇಟ್ಟು ಒತ್ತಿ, ನಕ್ಷೆಯನ್ನು ಗಣಕದೊಳಕ್ಕೆ ಇಳಿಸುತ್ತಿದ್ದರು. ಅಪ್ಪಣೆಗಳನ್ನೆಲ್ಲ ಮುದ್ರಿಸಿದ ಹಾಳೆಯೊಂದು ಹಲಗೆಯ ಅಂಚಿನಲ್ಲಿ ಅಂಟಿರುತ್ತಿದ್ದಿತು. ಪರದೆಯ ಮೇಲೆಯೇ ಅಪ್ಪಣೆಯ ಚಿತ್ರಗಳು ಬಂದು, ಮೌಸು ಅಗ್ಗವಾಗಿ, ಕಾಗದದ ನಕ್ಷೆಗಳೂ ಕಡಮೆಯಾದ ಮೇಲೆ ಹಲಗೆ ಮೂಲೆ ಸೇರಿತು. ಆದುದರಿಂದ ಲೇಖನಿಯನ್ನು ‘ಗೊಂಬೆ ಬಿಡಿಸುವವರ ವಸ್ತು’ ಎನ್ನುವುದು ಮನೆಯ ಹಿರಿಯರನ್ನು ನೆಂಟರೆಂದು ಕರೆದಂತೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಮತ್ತೊಮ್ಮೆ ಚರ್ಚಾಸ್ಪರ್ಧೆಯ ಮಾತನ್ನೇ ಆಡಿದಂತಾಗುವುದು. ಎದುರುಪಕ್ಷದವರ ಮಾತಿನಲ್ಲಿಯೂ ಹುರುಳಿದೆ. 900 ಮಿಲಿಮೀಟರಿನ ಚೌಕಟ್ಟನ್ನು ಲೇಖನಿಯಿಂದ ಎಳೆಯುತ್ತ ಕೂರುವುದು ಮೂರ್ಖತನ. ಅಂಕಿಯನ್ನು ಬರೆದರೆ ಆಯಿತು. ಲೇಖನಿಯ ಮೊನೆ ಸಣ್ಣಗೆ ನಡುಗುತ್ತದೆ, ಎರಡು ಸಲ ಬೇಗ ಬೇಗ ಒತ್ತಬೇಕಾದಾಗ ಎರಡನೆಯ ಒತ್ತು ಬೇರೆಲ್ಲೋ ಬೀಳುತ್ತದೆ. ಇನ್ನೂ ದೊಡ್ಡ ತೊಡಕೆಂದರೆ, ಕ್ಯಾಡಿನ ಗೆರೆಗೆ ದಪ್ಪವೆಂಬುದೇ ಇಲ್ಲ. ನೀವು ಹೂವಿನಂತೆ ಮುಟ್ಟಿದರೂ ಒಂದೇ, ಗುದ್ದಿದರೂ ಒಂದೇ. 8,192 ಮೆಟ್ಟಿಲುಗಳೂ ಬಾಗಿಲ ಹೊರಗೆ ಚಪ್ಪಲಿಯಂತೆ ಉಳಿಯುತ್ತವೆ.

ನಾನು ಮೊದಲು ಮಾಡಿದ ತಪ್ಪೂ ಇಲ್ಲಿಯೇ. ಆಟೋಕ್ಯಾಡಿನಲ್ಲಿ ‘ಸ್ಕೆಚ್’ ಎಂಬ ಅಪ್ಪಣೆಯಿದೆ. ಕೈ ಹೋದಂತೆ ಗೆರೆ ಹೋಗುವುದು. ಖುಷಿಯಿಂದ ಎರಡು ಅಡಿ ಉದ್ದದ ಬಳ್ಳಿಯನ್ನು ಎಳೆದೆನು. ಮಿಲಿಮೀಟರಿಗೆ ಒಂದರಂತೆ ಗೆರೆ ತುಂಡುತುಂಡಾಗಿ ಆರುನೂರು ಬಿಂದುಗಳು ಬಿದ್ದಿದ್ದುವು. ನನ್ನ ಕೈಯ ಪ್ರತಿಯೊಂದು ನಡುಕವೂ ಅಲ್ಲಿ ಶಾಶ್ವತವಾಗಿ ಕುಳಿತಿದ್ದಿತು. ಯಂತ್ರಕ್ಕೆ ಹಾಕಿದರೆ ಅದು ತಡವರಿಸಿ ತಡವರಿಸಿ ನಡೆದು, ಅಂಚೆಲ್ಲ ಇಲಿ ಕಡಿದಂತಾಯಿತು. ಒಂದು ಹಲಸಿನ ಹಲಗೆ ಹಾಳು. ಯಜಮಾನರು ಏನೂ ಅನ್ನಲಿಲ್ಲ. ಹಲಗೆಯನ್ನು ತಂದು ನನ್ನ ಮೇಜಿನ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಒರಗಿಸಿಟ್ಟರು.

ದಾರಿ ತೋರಿಸಿದ್ದು ಅಮ್ಮನ ರಂಗೋಲಿ. ಬೆಳಿಗ್ಗೆ ಅವರು ಚುಕ್ಕಿಯಿಟ್ಟು ಎಳೆ ಎಳೆಯುತ್ತಿದ್ದುದನ್ನು ನೋಡುತ್ತಿದ್ದೆನು. ಚುಕ್ಕಿ ಕೆಲವೇ, ಎಳೆ ಮಾತ್ರ ಚುಕ್ಕಿಯಿಂದ ಚುಕ್ಕಿಗೆ ಬಳುಕಿಕೊಂಡು ಹೋಗುತ್ತದೆ. ಎರಡು ಪಟ್ಟು ಚುಕ್ಕಿಯಿಟ್ಟರೆ ಎಳೆ ಎರಡು ಪಟ್ಟು ಚೆನ್ನಾಗುವುದಿಲ್ಲ, ತೊಡರುತ್ತದೆ. ಕ್ಯಾಡಿನಲ್ಲಿ ‘ಸ್ಪ್ಲೈನ್’ ಎಂಬ ಬಾಗುಗೆರೆಯ ಗುಟ್ಟೂ ಇಷ್ಟೆ. ಅಂದಿನಿಂದ ನಾನು ಕೆಲಸವನ್ನು ಎರಡಾಗಿ ಒಡೆದೆನು. ಲೇಖನಿಯ ಕೆಲಸ ಲೇಖನಿಗೆ, ಲೆಕ್ಕದ ಕೆಲಸ ಲೆಕ್ಕಕ್ಕೆ. ಮೊದಲು ಬಳ್ಳಿಯನ್ನು ಚಿತ್ರದ ತಂತ್ರಾಂಶವೊಂದರಲ್ಲಿ ಲೇಖನಿಯಿಂದ, ಅಂಕಿಯ ಹಂಗಿಲ್ಲದೆ, ಹತ್ತು ಸಲವಾದರೂ ಎಳೆಯುವುದು. ಒಪ್ಪಿಗೆಯಾದುದನ್ನು ಚಿತ್ರವಾಗಿಯೇ ಕ್ಯಾಡಿನೊಳಕ್ಕೆ ತಂದು, ಬಾಗಿಲಿನ ನಿಜವಾದ ಅಳತೆಗೆ ಹಿಗ್ಗಿಸಿ, ಅದರ ಮೇಲೆ ಏಳೆಂಟೇ ಬಿಂದುಗಳ ಬಾಗುಗೆರೆಯನ್ನು ಕೂರಿಸುವುದು. ಆರುನೂರು ಬಿಂದುಗಳ ಕೆಲಸವನ್ನು ಎಂಟು ಬಿಂದುಗಳು ಮಾಡಿದುವು. ಅಂಚು ನುಣುಪಾಯಿತು. ಇದನ್ನು ನೋಡಿ ತಂದೆಯವರು “ತಂತಿ ಅಲ್ಲ” ಎಂದರು. ಅವರ ಬಾಯಲ್ಲಿ ಇದು ಹೊಗಳಿಕೆ.

“ಆದ್ರೆ ಎಲೆ ಎಲ್ಲಿ ಮುಗೀತು ಅಂತ ಗೊತ್ತಾಗೋದಿಲ್ಲವಲ್ಲ” ಎಂದೂ ಸೇರಿಸಿದರು. ಅವರ ಉಳಿ ಎಲೆಯ ಬುಡದಲ್ಲಿ ಆಳಕ್ಕೆ ಇಳಿದು ತುದಿಗೆ ಹೋಗುತ್ತ ಹಗುರವಾಗಿ, ಕೊನೆಯಲ್ಲಿ ಮರದಿಂದ ತಾನಾಗಿ ಮೇಲಕ್ಕೆ ಏಳುತ್ತದೆ. ನನ್ನ ಗೆರೆ ಬುಡದಲ್ಲಿಯೂ ಮೂರು ಮಿಲಿಮೀಟರು, ತುದಿಯಲ್ಲಿಯೂ ಮೂರು ಮಿಲಿಮೀಟರು. ಹಠಾತ್ತಾಗಿ ಕತ್ತರಿಸಿದಂತೆ ನಿಲ್ಲುತ್ತಿದ್ದಿತು. ಹೊರಗೆ ಉಳಿದ 8,192 ಮೆಟ್ಟಿಲುಗಳನ್ನು ಒಳಕ್ಕೆ ಕರೆಯುವ ಉಪಾಯ ಬೇಕಾಗಿದ್ದಿತು.

ಉಪಾಯ ಯಂತ್ರದ ಮೊನೆಯಲ್ಲಿಯೇ ಇದ್ದಿತು. ಅಕ್ಷರ ಕೊರೆಯಲು ಬಳಸುವ ಮೊನೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಚೂಪು. ಅದು ಮರದೊಳಕ್ಕೆ ಹೆಚ್ಚು ಇಳಿದಷ್ಟೂ ಗೆರೆ ಅಗಲವಾಗುತ್ತದೆ, ಮೇಲೆದ್ದಷ್ಟೂ ಸಣ್ಣಗಾಗುತ್ತದೆ. 90 ಡಿಗ್ರಿಯ ಮೊನೆಯಾದರೆ ಲೆಕ್ಕ ಸುಲಭ: ಆಳ ಅಗಲದ ಅರ್ಧ. ಗೆರೆ ಆರು ಮಿಲಿಮೀಟರು ಅಗಲವಿದ್ದಲ್ಲಿ ಮೊನೆ ಮೂರು ಮಿಲಿಮೀಟರು ಇಳಿಯಬೇಕು. ಗೆರೆ ಎರಡಾದಲ್ಲಿ ಒಂದಕ್ಕೆ ಏಳಬೇಕು. ಗೆರೆ ಮುಗಿದಲ್ಲಿ ಮರವನ್ನು ಬಿಡಬೇಕು. ಅಂದರೆ ಗೆರೆಯ ಎರಡು ಅಂಚುಗಳನ್ನೂ ಬರೆದುಕೊಟ್ಟರೆ ಆಳವನ್ನು ಯಂತ್ರವೇ ಲೆಕ್ಕ ಹಾಕಿಕೊಳ್ಳುತ್ತದೆ. ಇಂಕ್‌ಸ್ಕೇಪ್ ಎಂಬ ಉಚಿತವಾದ ತಂತ್ರಾಂಶದಲ್ಲಿ ಸುಂದರಾಕ್ಷರ ಬರೆಯುವ ಸಾಧನವೊಂದಿದೆ. ಲೇಖನಿಯನ್ನು ಒತ್ತಿದರೆ ಗೆರೆ ಅಗಲ, ಸಡಿಲಿಸಿದರೆ ಸಪೂರ, ಎರಡು ಅಂಚುಗಳೂ ತಾವಾಗಿ ಮೂಡುತ್ತವೆ. ಅಲ್ಲಿಯೇ ಹೆಚ್ಚಿನ ಬಿಂದುಗಳನ್ನು ಕಳೆದು ಕ್ಯಾಡಿಗೆ ಕಳಿಸಬಹುದು. (ದಾಟುವಾಗ ಅಳತೆ ತಪ್ಪುವುದುಂಟು. ನಾನು ಪಕ್ಕದಲ್ಲಿ 100 ಮಿಲಿಮೀಟರಿನ ಒಂದು ಗೆರೆಯನ್ನು ಸಾಕ್ಷಿಗೆ ಎಳೆದಿಟ್ಟು, ಆ ಕಡೆ ಹೋದ ಮೇಲೆ ಅದನ್ನು ಅಳೆದು ನೋಡುತ್ತೇನೆ.)

ಒಂದು ಭಾನುವಾರ ತಂದೆಯವರನ್ನು ಕೂರಿಸಿಕೊಂಡೆನು. ಸೋದರಮಾವನವರು ಕೊಟ್ಟ ಹಳೆಯ ಲ್ಯಾಪ್‌ಟಾಪಿನ ಮುಂದೆ ಅವರು ಚಕ್ಕಳಮಕ್ಕಳ ಹಾಕಿ ಕುಳಿತು ಲೇಖನಿಯನ್ನು ಬಡಗಿಯ ಪೆನ್ಸಿಲಿನಂತೆ ಅಡ್ಡಕ್ಕೆ ಹಿಡಿದರು. “ಗಾಜಿನ ಮೇಲೆ ಬರೆದ ಹಾಗೆ ಜಾರ್ತದೆ” ಎಂದರು. ಡ್ರಾಯಿಂಗ್ ಹಾಳೆಯೊಂದನ್ನು ಹಲಗೆಯ ಮೇಲೆ ಅಂಟಿಸಿದೆನು. ಕಾಂತದ ಅಲೆ ಕಾಗದದ ಮೂಲಕವೂ ಹೋಗುತ್ತದೆ, ಮೊನೆ ಮಾತ್ರ ಬೇಗ ಸವೆಯುತ್ತದೆ. “ಈಗ ಸರಿ” ಎಂದರು. ಪರದೆಯನ್ನು ನೋಡಿ ಎಂದರೂ ನೋಡಲಿಲ್ಲ. ಖಾಲಿ ಹಾಳೆಯನ್ನೇ ನೋಡುತ್ತ, ಏನೂ ಮೂಡದ ಆ ಹಾಳೆಯ ಮೇಲೆ, ಎಡದಿಂದ ಬಲಕ್ಕೆ ಒಂದು ಎಳೆತ ಎಳೆದರು. ಆಮೇಲೆ ತಲೆಯೆತ್ತಿದರು. ಪರದೆಯ ಮೇಲೆ ಅವರ ಬಳ್ಳಿ ಇದ್ದಿತು. ಬುಡದಲ್ಲಿ ತುಂಬು, ತುದಿಯಲ್ಲಿ ಎಳೆ. “ಇಲ್ಲಿ ಒತ್ತಿದ್ದಕ್ಕೆ ಅಲ್ಲಿ ಆಳ ಬರ್ತದೇನಮ್ಮ?” ಎಂದು ಕೇಳಿದರು. ಬರುತ್ತದೆ ಎಂದೆನು. “ಹಾಗಾದ್ರೆ ಇದು ಉಳಿನೇ” ಎಂದು ಹೇಳಿ ಮತ್ತೊಂದು ಎಳೆದರು. ಮಧ್ಯಾಹ್ನದ ಊಟಕ್ಕೆ ಅಮ್ಮ ಮೂರು ಸಲ ಕರೆಯಬೇಕಾಯಿತು.

ಇಂಗ್ಲಿಷ್ ಬಾರದ, ಕೀಲಿಮಣೆಯನ್ನು ಮುಟ್ಟದ, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಮನುಷ್ಯನೊಬ್ಬನು ಕ್ಯಾಡಿನೊಳಕ್ಕೆ ಹೋದದ್ದು ಈ 3,000 ರೂಪಾಯಿಯ ಬಾಗಿಲಿನಿಂದ. ಮೌಸು ಕಲಿತವರನ್ನು ಒಳಗೆ ಬಿಡುತ್ತದೆ; ಲೇಖನಿ ಕೈ ಬಲ್ಲವರನ್ನು ಒಳಗೆ ಬಿಡುತ್ತದೆ. ನಮ್ಮ ತರಬೇತಿ ಕೇಂದ್ರಗಳು ಎರಡನೆಯವರನ್ನು ಲೆಕ್ಕಕ್ಕೇ ಹಿಡಿಯದೆ, ಚಿತ್ರ ಬಾರದವರಿಗೆ ಅಪ್ಪಣೆಗಳನ್ನು ಬಾಯಿಪಾಠ ಮಾಡಿಸಿ ಕಳುಹಿಸುತ್ತಿವೆ. ಊರೂರಿಗೆ ಒಂದೇ ನವಿಲು ಬಂದು ಕುಳಿತದ್ದಕ್ಕೆ ಯಂತ್ರವನ್ನು ಬೈದು ಫಲವೇನು?

ಹೊಸ ವರ್ಷದ ಹೊತ್ತಿಗೆ ಒಂದು ಬಾಗಿಲಿಗೆ ನಮ್ಮ ಬಳ್ಳಿಯನ್ನು ಕೊರೆದೆವು. ಕ್ಯಾಡಿನಲ್ಲಿ ಎಡಭಾಗವನ್ನು ಬರೆದರೆ ಕನ್ನಡಿಯಲ್ಲಿಯಂತೆ ಬಲಭಾಗ ತಾನಾಗಿ ಬರುವ ಅಪ್ಪಣೆಯಿದೆ. ಯಜಮಾನರು ಹಾಗೆಯೇ ಮಾಡು ಎಂದರು. ತಂದೆಯವರು ಒಪ್ಪಲಿಲ್ಲ. “ಎರಡು ಕಡೇನೂ ಬರೀಬೇಕು. ಇನ್ನೊಂದು ಕಡೆ ನೀನು ಬರಿ” ಎಂದು ನನಗೆ ಹೇಳಿದರು. ಉಳಿ ಕೊಡದವರು ಇದನ್ನು ಕೊಟ್ಟರು. ಎಡದ ಬಳ್ಳಿ ಅವರದು, ಬಲದ್ದು ನನ್ನದು. ಮನೆಯವರಿಗೆ ವ್ಯತ್ಯಾಸ ಕಾಣಲಿಲ್ಲ. ತಂದೆಯವರಿಗೆ ಕಂಡಿತು, ನನ್ನ ಮೂರನೆಯ ಎಲೆ ಸ್ವಲ್ಪ ಅವಸರ ಮಾಡಿದೆಯಂತೆ.

ಇಲ್ಲಿಗೆ ಎಲ್ಲವೂ ಸುಖವಾಯಿತೆಂದು ಬರೆಯಲು ನನಗೂ ಆಸೆ. ಆದರೆ ಅರ್ಥಶಾಸ್ತ್ರವನ್ನೂ ಓದುತ್ತಿರುವುದರಿಂದ ಕೂಲಿಯ ವಿಷಯ ಬಿಡುವಂತಿಲ್ಲ. ಆ ಬಾಗಿಲಿಗೆ ತಂದೆಯವರಿಗೆ ಎರಡು ದಿನದ ಕೂಲಿ ಬಂದಿತು. ಬಳ್ಳಿಯ ಕಡತ ಮಾತ್ರ ಅಂಗಡಿಯ ಗಣಕದಲ್ಲಿ ಉಳಿಯಿತು. ಅದರಿಂದ ಈಗಾಗಲೇ ಇನ್ನೂ ನಾಲ್ಕು ಬಾಗಿಲು ಆಗಿವೆ. ಮರದ ಮೇಲೆ ಬರೆದ ಬಳ್ಳಿ ಒಂದು ಬಾಗಿಲಿಗೆ ಮುಗಿಯುತ್ತಿದ್ದಿತು, ಮರುದಿನ ಮತ್ತೆ ಆಚಾರ್ರೇ ಬೇಕಾಗುತ್ತಿದ್ದರು. ಕಡತಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯಿದೆಯಲ್ಲಿ ರೇಖಾಚಿತ್ರವೂ ಕಲಾಕೃತಿಯೇ. ಆದರೆ ಅದೇ ಕಾಯಿದೆಯ 15ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ: 2000ದ ವಿನ್ಯಾಸ ಕಾಯಿದೆಯ ಪ್ರಕಾರ ನೋಂದಾಯಿಸಬಹುದಾದ ವಿನ್ಯಾಸವೊಂದನ್ನು ನೋಂದಾಯಿಸದೆ ಬಿಟ್ಟು, ಮಾಲೀಕರೋ ಅವರ ಒಪ್ಪಿಗೆ ಪಡೆದವರೋ ಅದನ್ನು ಯಂತ್ರದಿಂದ ಐವತ್ತಕ್ಕೂ ಹೆಚ್ಚು ವಸ್ತುಗಳ ಮೇಲೆ ಮೂಡಿಸಿದರೆ ಆ ವಿನ್ಯಾಸದಲ್ಲಿನ ಕೃತಿಸ್ವಾಮ್ಯ ಮುಗಿಯಿತು. ನಾನು ಈಗ ಬಾಗಿಲು ಎಣಿಸುತ್ತಿದ್ದೇನೆ: ಐದು. ಬಾಗಿಲಿಗೆ ಇಷ್ಟು ಎಂದು ತಂದೆಯವರಿಗೆ ಸಲ್ಲಬೇಕೆಂದು ಯಜಮಾನರನ್ನು ಕೇಳಿದೆನು. “ನೋಡೋಣಮ್ಮ” ಎಂದರು. ಕೆಟ್ಟವರಲ್ಲ, ಹಳೆಯ ಹಲಗೆಯನ್ನು ನನಗೆ 1,500 ರೂಪಾಯಿಗೆ ಕೊಟ್ಟು, ತಿಂಗಳಿಗೆ ಐನೂರರಂತೆ ಮುರಿದುಕೊಂಡವರೂ ಅವರೇ. ಆದರೂ ‘ನೋಡೋಣ’ ಎಂಬುದು ಕೂಲಿಯಲ್ಲ. ಮುಂದಿನ ಬಳ್ಳಿಯನ್ನು ಬರೆಯುವ ಮೊದಲು ಒಂದು ಹಾಳೆಯ ಮೇಲೆ ಮಾತನ್ನು ಬರೆಯಿಸಿಕೊಳ್ಳಬೇಕೆಂದು ತಂದೆಯವರಿಗೆ ಹೇಳಿದ್ದೇನೆ. ಅವರಿಗೆ ಇದು ಸಂಕೋಚ. ಗುರುತಿನವರ ಹತ್ತಿರ ಕಾಗದ ಮಾಡಿಸುವುದು ಹೇಗೆ ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಇನ್ನೂ ಮಾತು ನಡೆದಿದೆ.

ನಮ್ಮ ಕಾಲೇಜಿನ ಬಗ್ಗೆಯೂ ಒಂದು ಬಿನ್ನಹವಿದೆ. ಕಲಾ ಕಾಲೇಜಿಗೆ ಕ್ಯಾಡ್ ಏಕೆ ಎಂದು ಕೇಳುವವರು ಇರಬಹುದು. ನಮ್ಮ ತರಗತಿಯಲ್ಲಿ ಕುಳಿತಿರುವವರನ್ನು ಒಮ್ಮೆ ಎಣಿಸಿ ನೋಡಬೇಕು. ನೇಯ್ಗೆಯವರ ಮಗನಿದ್ದಾನೆ, ಕುಂಬಾರರ ಮಗಳಿದ್ದಾಳೆ, ಗಾರೆ ಕೆಲಸದವರ ಮಕ್ಕಳು ಮೂವರಿದ್ದಾರೆ. ಎಲ್ಲರ ಮನೆಯಲ್ಲಿಯೂ ಒಬ್ಬರ ಕೈಯಲ್ಲಿ ಒಂದು ಗೆರೆ ಇದೆ. ಪದವಿ ಪಡೆದು ನಾವು ಆ ಗೆರೆಯಿಂದ ದೂರ ಹೋಗುವುದೇ ಓದಿನ ಗುರಿಯೆಂದು ನಮ್ಮ ಮನೆಯವರೇ ತಿಳಿದಿದ್ದಾರೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆನು. ನಮ್ಮ ಗಣಕ ಕೊಠಡಿಯಲ್ಲಿ ಎರಡು ಹಲಗೆಗಳಿದ್ದರೆ ಸಾಕು. ಫ್ರೀಕ್ಯಾಡ್, ಇಂಕ್‌ಸ್ಕೇಪ್ ಮೊದಲಾದ ತಂತ್ರಾಂಶಗಳಿಗೆ ಕಾಸು ಕೊಡಬೇಕಾಗಿಲ್ಲ. ಕಲಿಯುವವರು ಮೊದಲು ಕಾಗದದ ಮೇಲೆ, ಆಮೇಲೆ ಹಲಗೆಯ ಮೇಲೆ, ಕೊನೆಗೆ ಅಂಕಿಯಲ್ಲಿ ಬರೆಯಲಿ. ಈ ಕ್ರಮವನ್ನು ತಿರುಗಿಸಿ ಕಲಿತು ನಾನು ಎರಡು ವರ್ಷ ಕಳೆದುಕೊಂಡೆನು.

ಹಲಗೆ ಬರುವವರೆಗೆ ಕಾಯಬೇಕಾಗಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ, ಅಂಗಡಿಗೆ ಹೋಗುವವರೆಗೆ, ನಾನು ಗ್ರಂಥಾಲಯದ ಪಕ್ಕದ ಕೊಠಡಿಯಲ್ಲಿರುತ್ತೇನೆ. ಹಲಗೆಯೂ ಲ್ಯಾಪ್‌ಟಾಪೂ ನನ್ನವೇ. ಬರುವವರು ಮನೆಯ ಒಂದು ಗೆರೆಯನ್ನು ನೋಡಿಕೊಂಡು ಬರಬೇಕು: ಸೀರೆಯ ಅಂಚಿನದಾಗಲಿ, ಮಡಕೆಯ ಕತ್ತಿನದಾಗಲಿ, ಯಾವುದಾದರೂ ಸರಿ. ಹಾಳೆ ಅಂಟಿಸಿರುವುದರಿಂದ ಲೇಖನಿಯ ಮೊನೆ ತಿಂಗಳಿಗೊಂದು ಸವೆಯುತ್ತದೆ. ಮೊನೆಯ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕಾಗುವುದು.